ಮುದ್ದಯ್ಯ ಮೇಷ್ಟ್ರ ಕೈಗೆ ಹೊಲಿದ ಕಂಬಳಿ

ಸರ್ಕಾರಿ ಸ್ಕೂಲಿನ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದದ್ದೇ ಎಂದು ಮೈಸೂರು ಸರ್ಕಾರ ಹುಕುಂ ಹೊರಡಿಸಿ ಮೂವತ್ತು ವರ್ಷವಾಗುತ್ತ ಬಂತು. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಯಾವ ಸ್ಕೂಲಿನೊಳಕ್ಕೂ ನೀವು ಹಣಕಿ ನೋಡಿಲ್ಲ, ಅಷ್ಟೆ. ಹುಕುಮಿನಲ್ಲಿ ಇರುವುದು ಬಾಗಿಲಿನ ಮಾತು. ಬಾಗಿಲು ದಾಟಿದ ಮಗು ಯಾವ ಗೋಡೆಗೆ ಒರಗಬೇಕು ಎಂಬುದು ಅದರಲ್ಲಿಲ್ಲ. ಪಾಠ ಹೇಳುವವನೇ ಕೇರಿಯವನಾದರೆ ಗೌಡರ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುವುದು ಹೇಗೆ, ಅದೇ ಮಗು ಪುಂಡಾಟಕ್ಕೆ ನಿಂತರೆ ಕಿವಿ ಹಿಂಡುವುದು ಹೇಗೆ, ಅದೂ ಇಲ್ಲ.

ಕಳೆದ ತಿಂಗಳು ಹರಳುಕೊಪ್ಪಲಿನಲ್ಲಿ ಒಂದು ಸನ್ಮಾನ ನಡೆಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಊರು ಅದು, ಕಂಪಲಾಪುರದಿಂದ ಗಾಡಿದಾರಿ ಹಿಡಿದು ಒಳಕ್ಕೆ ಹೋಗಬೇಕು. ಅಲ್ಲಿನ ಮುದ್ದಯ್ಯ ಮೇಷ್ಟರಿಗೆ ಹೆಗ್ಗಡದೇವನಕೋಟೆಯ ಕಡೆ ವರ್ಗವಾಗಿತ್ತು. ಎದ್ದು ನಿಂತವರೆಲ್ಲ ಒಂದೇ ಮಾತಾಡಿದರು: "ಮುದ್ದಯ್ಯ ಮೇಷ್ಟ್ರು ಅಂದ್ರೆ ನಮ್ಮೂರ ಮಕ್ಕಳಿಗೆ ಅಷ್ಟು ಗೌರವ." ಎಲ್ಲರ ಬಾಯಲ್ಲೂ ಒಂದೇ ಮಾತು ಬಂದರೆ ನನಗೆ ಗುಮಾನಿ ಹತ್ತುತ್ತದೆ. ಆ ಗೌರವ ಯಾವಾಗ ಬಂತು, ಕೊಟ್ಟವರು ಯಾರು, ಎಲ್ಲಿ ಕೊಟ್ಟರು ಎಂದು ಕೇಳುತ್ತ ಹೋದೆ. ಮೇಷ್ಟರನ್ನು ಕೇಳಿದೆ, ಕೇರಿಯಲ್ಲಿ ಕೇಳಿದೆ, ಪಟೇಲರ ಮನೆಯ ಹಿತ್ತಿಲಲ್ಲೂ ಕೇಳಿದೆ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಉಜ್ಜಿ ನೋಡಿದ ಮೇಲೆ ಉಳಿದದ್ದು ಇದು.

ಮುದ್ದಯ್ಯ ಹುಣಸೂರಿನ ಬಳಿಯ ಒಂದು ಕೇರಿಯಲ್ಲಿ ಹುಟ್ಟಿದವರು. ಊರು ಮುಟ್ಟಿಸಿಕೊಳ್ಳದ ಜನರ ಕೇರಿ. ಅಪ್ಪ ತೋಟಿ, ಊರಿನವರು ಕೂಗಿದಾಗ ಓಡಿ ಬರುವ ಆಳು. ಮಗ ಮೈಸೂರಿನ ಹಾಸ್ಟೆಲಿನಲ್ಲಿ ಉಂಡು, ಲೋವರ್ ಸೆಕೆಂಡರಿ ಪಾಸು ಮಾಡಿ, ನಾರ್ಮಲ್ ಸ್ಕೂಲಿನಲ್ಲಿ ಮೇಷ್ಟರ ತರಬೇತಿ ಮುಗಿಸಿ, ಹದಿನೈದಿಪ್ಪತ್ತು ವರ್ಷದ ಹಿಂದೆ ಕರಿಯ ಕೋಟು ಬಿಳಿಯ ರುಮಾಲಿನಲ್ಲಿ ಹರಳುಕೊಪ್ಪಲಿಗೆ ಬಂದಿಳಿದಾಗ ಇನ್ನೂ ಮೀಸೆ ಬಲಿತಿರಲಿಲ್ಲ.

ಅವರನ್ನು ಮಾತಾಡಿಸುವುದೇ ಊರಿಗೆ ಮೊದಲ ಕಷ್ಟವಾಯಿತು. ಸರ್ಕಾರದ ಸಂಬಳ ತಿನ್ನುವ ಕೋಟಿನವನಿಗೆ 'ಬಾರ್ಲಾ' ಎನ್ನುವಂತಿಲ್ಲ. ತೋಟಿಯ ಮಗನಿಗೆ 'ಬನ್ನಿ' ಎನ್ನಲು ನಾಲಿಗೆ ಏಳುವುದಿಲ್ಲ. ಪಟೇಲ್ ಚಲುವಯ್ಯನವರು ಇದಕ್ಕೊಂದು ಉಪಾಯ ಕಂಡುಕೊಂಡರು. "ಊಟ ಆಯ್ತೋ?" "ಪಾಠ ನಡೀತಾ ಅದೋ?" ಊಟ ಯಾರದು, ಪಾಠ ಯಾರದು ಎಂಬುದು ಅವರ ಮಾತಿನಲ್ಲಿ ಬರುತ್ತಲೇ ಇರಲಿಲ್ಲ. ದೊಡ್ಡವರ ಈ ಜಾಣತನವನ್ನು ಮಕ್ಕಳು ನೋಡುತ್ತಿದ್ದರು. ಮಕ್ಕಳು ಕಲಿಯುವುದು ಹೇಳಿದ್ದನ್ನಲ್ಲ, ನೋಡಿದ್ದನ್ನು.

ಹಿಂದಿದ್ದ ಮೇಷ್ಟರು ಕೇರಿಯ ಮಕ್ಕಳನ್ನು ಜಗಲಿಯ ಕೆಳಗೆ, ಬಿಸಿಲಿನಲ್ಲಿ ಕೂರಿಸುತ್ತಿದ್ದರು. ಮುದ್ದಯ್ಯ ಬಂದ ದಿನವೇ ಒಳಗೆ ಕರೆದರು. ಪಟೇಲರು ಬಂದು ಹೊಸಿಲ ಆಚೆ ನಿಂತರು.

"ಒಳಗೆ ಕೂರ್ಸು ಅಂದದೆ ಸರ್ಕಾರ. ಒಟ್ಟಿಗೆ ಕೂರ್ಸು ಅಂದಿಲ್ಲ."

"ಆಗ್ಲಿ ಪಟೇಲ್ರೇ. ಒಂದೇ ಸೂರಿನ ಕೆಳಗೆ ಇದ್ರೆ ಸಾಕು ಈಗ," ಎಂದರು ಮುದ್ದಯ್ಯ. 'ಬುದ್ಧಿ' ಎನ್ನಲಿಲ್ಲ. ಕೇರಿಯವನು ಗೌಡನಿಗೆ ಹೇಳಬೇಕಾದ ಆ ಮಾತು ಬಾರದೆ ಹೋದದ್ದನ್ನು ಪಟೇಲರು ಗಮನಿಸಿದರು. ಮರೆಯಲಿಲ್ಲ.

ಕೇರಿಯ ಮಕ್ಕಳು ಹಿಂದಿನ ಗೋಡೆಗೆ, ಊರ ಮಕ್ಕಳು ಕಿಟಕಿಯ ಕಡೆಗೆ. ಬೆಳಿಗ್ಗೆ ಬಂದ ತಕ್ಷಣ ಮೇಷ್ಟರು ಎಲ್ಲರ ಉಗುರು ನೋಡುತ್ತಿದ್ದರು. "ಕೈ ತೋರ್ಸಿ." ಮಕ್ಕಳು ಕೈ ಚಾಚಬೇಕು, ಇವರು ಮಾರು ದೂರದಲ್ಲಿ ನಿಂತು ಬಗ್ಗಿ ನೋಡಬೇಕು. "ಶುಚಿಯಾಗದೆ. ಕೂತ್ಕೊ." ದಿನ ಆರಂಭವಾಗುತ್ತಿದ್ದದ್ದು ಹೀಗೆ.

ಪಾಠಕ್ಕೆ ಇಳಿದರೆ ಬೇರೆಯೇ ತೊಡಕು. ಕೇರಿಯ ಚಾಮಯ್ಯನ ಮಗಳು ಸಣ್ಣತಾಯಿಗೆ ಮಗ್ಗಿಯೆಲ್ಲ ಬಾಯಿಗೆ ಬರುತ್ತಿತ್ತು. ಕೇಳಿದರೆ ಮಾತ್ರ ನೆಲ ನೋಡಿಕೊಂಡು ನಿಂತುಬಿಡುವಳು. ಮೊದಮೊದಲು ಮೇಷ್ಟರಿಗೆ ಸಿಟ್ಟು ಬಂತು. ಆಮೇಲೆ ಅರ್ಥವಾಯಿತು, ಏಕೆಂದರೆ ತಾವೂ ಹಾಗೆಯೇ ನಿಂತವರು. ಗೌಡರ ಮಗ ಕೂತಿರುವ ಕಡೆ ತಲೆ ಎತ್ತಿ ದನಿ ಎತ್ತಿ ಉತ್ತರ ಕೊಟ್ಟರೆ ಅದು ಎದುರು ಮಾತು. ಮನೆಯಲ್ಲಿ ತಾಯಿ ಕೆನ್ನೆಗೆ ಬಾರಿಸಿ ಕಲಿಸಿದ ಮರ್ಯಾದೆ ಅದು. ಮೇಷ್ಟರು ಏನು ಮಾಡಿದರು? ತಾವೇ ಗೋಡೆಯ ಕಡೆ ತಿರುಗಿ, ಕ್ಲಾಸಿಗೆ ಬೆನ್ನು ಕೊಟ್ಟು ಪ್ರಶ್ನೆ ಕೇಳಿದರು. ಯಾರೂ ಮುಖ ನೋಡುತ್ತಿಲ್ಲ ಎಂದಾದ ಮೇಲೆ ಹಿಂದಿನ ಗೋಡೆಯಿಂದ ಸಣ್ಣ ದನಿಯೊಂದು ಎದ್ದಿತು. "ಏಳೆಂಟ್ಲಿ ಐವತ್ತಾರು."

ಉಪಾಯ ಚೆನ್ನಾಗಿತ್ತು. ಆದರೆ ಹಿಂದಿನ ಗೋಡೆಗೆ ದನಿ ಕೊಟ್ಟ ಬೆನ್ನು ಕಿಟಕಿಯ ಕಡೆಯವರಿಗೆ ಸಲಿಗೆ ಕೊಟ್ಟಿತು. ಬಳಪದ ಚೂರು ಹಾರಿ ಬಂದು ರುಮಾಲಿಗೆ ಬಿತ್ತು. ಒಂದು ಕ್ಲಾಸಿನಲ್ಲಿ ಅರ್ಧ ಮಕ್ಕಳಿಗೆ ಧೈರ್ಯ ಬರಬೇಕು, ಉಳಿದರ್ಧಕ್ಕೆ ಅಂಕೆ ಬೇಕು. ಎರಡಕ್ಕೂ ಒಂದೇ ಮದ್ದು ಇಲ್ಲ. ಬೇರೆ ಮೇಷ್ಟರಾಗಿದ್ದರೆ ಬೆತ್ತ ಇತ್ತು. ಊರಿನ ತಂದೆತಾಯಿಗಳು ಬೇರೆ ಮೇಷ್ಟರಿಗೆ "ನಾಕು ಬಾರ್ಸಿ ಸಾಮಿ" ಎಂದು ತಾವೇ ಹೇಳುತ್ತಿದ್ದರು. ಮುದ್ದಯ್ಯನವರಿಗೆ ಆ ಮಾತನ್ನು ಯಾರೂ ಹೇಳಲಿಲ್ಲ.

ಬಳಪ ಎಸೆದವನು ನಿಂಗರಾಜು, ಪಟೇಲರ ಹಿರಿಯ ಮಗ. ಪುಂಡರ ಗುಂಪಿಗೆ ಅವನೇ ಗೌಡ. ಇದಕ್ಕಿಂತ ದೊಡ್ಡ ಲಾಭದ ದಾರಿಯೊಂದನ್ನು ಅವನು ಕಂಡುಹಿಡಿದ. ಮೇಷ್ಟರಿಗೆ ಮೈ ತಾಗಿದರೆ ಮೈಲಿಗೆ. ಮೈಲಿಗೆಯಾದರೆ ಮನೆಗೆ ಹೋಗಿ ಬಟ್ಟೆ ಸಮೇತ ತಲೆಗೆ ನೀರು ಹಾಕಿಸಿಕೊಂಡು, ಒಣಗುವ ತನಕ ಹಿತ್ತಿಲಲ್ಲಿ ಕೂರಬೇಕು. ಅಂದರೆ ಅವತ್ತು ಸ್ಕೂಲಿಲ್ಲ! ಒಂದು ಬೆಳಿಗ್ಗೆ ಓಡಿ ಬಂದವನಂತೆ ನಟಿಸಿ ಮೇಷ್ಟರ ಮೊಣಕಾಲಿಗೆ ಡಿಕ್ಕಿ ಹೊಡೆದು, "ಅಯ್ಯೋ, ಮುಟ್ಟುಸ್ಕಂಡ್ಬುಟ್ಟೆ!" ಎಂದು ಕೇಕೆ ಹಾಕಿಕೊಂಡು ಓಡಿದ.

ಮನೆಯಲ್ಲಿ ತಾಯಿ ಪುಟ್ಟಸಿದ್ದಮ್ಮ ನೀರು ಹೊಯ್ಯುತ್ತ ಕೇಳಿದಳು, "ಎಂಗ್ ತಗುಲ್ತೋ?"

"ಅವ್ರೇ ತಗುಲುದ್ರು ಕಣವ್ವ."

ಸಂಜೆಗೆ ಪಟೇಲರು ಮತ್ತೆ ಹೊಸಿಲ ಆಚೆ. "ಇನ್ನೊಂದು ಕಿತ ಮಕ್ಳಿಗೆ ತಗುಲುದ್ರೆ ಊರಿನ ಒಂದು ಉಡ್ಗನೂ ಈ ಕಡೆ ತಲೆ ಆಕಾಕಿಲ್ಲ. ಉಡುಗ್ರು ಇಲ್ದ ಮೇಲೆ ಸ್ಕೂಲೆಲ್ಲಿ? ನೋಡ್ಕಂಡ್ರೆ ಒಳ್ಳೇದು."

ಮುದ್ದಯ್ಯನವರಿಗೆ ಇದು ಬೆದರಿಕೆಯಲ್ಲ, ಲೆಕ್ಕ ಎಂದು ಗೊತ್ತಿತ್ತು. ಹಾಜರಿ ಇಳಿದರೆ ಸ್ಕೂಲು ಎತ್ತಿಹೋಗುತ್ತದೆ. ತಮ್ಮನ್ನು ಬೇರೆ ಊರಿಗೆ ಹಾಕುತ್ತಾರೆ, ಸಂಬಳ ನಿಲ್ಲುವುದಿಲ್ಲ. ಊರಿನವರ ಮಕ್ಕಳು ಕಂಪಲಾಪುರಕ್ಕೆ ಹೋಗಿ ಓದಿಯಾರು. ಸಣ್ಣತಾಯಿಗೆ ಇರುವುದು ಈ ಒಂದೇ ಸೂರು. ಅವಳನ್ನು ಬಿಸಿಲಿನಿಂದ ಒಳಗೆ ಕರೆದದ್ದು ತಾವು. ಮತ್ತೆ ಬಿಸಿಲಿಗೆ ನೂಕಿದವರು ಆಗಬಾರದು.

ಮರುದಿನ ನಿಂಗರಾಜು ಮತ್ತೆ ಬಂದು ಮೊಳಕೈ ತಾಗಿಸಿದ. "ಮುಟ್ಟುಸ್ಕಂಡೆ!"

ಮೇಷ್ಟರು ಸ್ಲೇಟಿನಿಂದ ತಲೆ ಎತ್ತಲಿಲ್ಲ. "ಇಲ್ಲ. ಮುಟ್ಟಿಲ್ಲ ನೀನು. ಕೂತ್ಕೊ."

"ಮುಟ್ದೆ!"

"ಯಾರಾದ್ರೂ ನೋಡಿದ್ರೇನ್ರೋ?"

ಹಿಂದಿನ ಗೋಡೆ ನೆಲ ನೋಡಿತು. ಕಿಟಕಿಯ ಕಡೆ, ಕುರಿ ಕಾಯುವ ದೊಡ್ಡಬೀರಯ್ಯನ ಮೊಮ್ಮಗ ಹಿಂದಿನ ದಿನ ನಿಂಗರಾಜುವಿನಿಂದ ಗುದ್ದು ತಿಂದಿದ್ದ. "ಇಲ್ಲ ಮೇಷ್ಟ್ರೇ, ಇವ್ನು ಬರೀ ಸುಳ್ಬುರ್ಕ," ಎಂದ. ಕ್ಲಾಸು ಗೊಳ್ಳೆಂದಿತು. ಮೈಲಿಗೆಯಾಗಲೂ ಸಾಕ್ಷಿ ಬೇಕು ಎಂದು ನಿಂಗರಾಜುವಿಗೆ ಅವತ್ತು ತಿಳಿಯಿತು.

ಆಮೇಲೆ ಅದೇ ಆಟವಾಯಿತು. ಒಬ್ಬರಾದ ಮೇಲೆ ಒಬ್ಬರು ಬಂದು ಮುಟ್ಟುವುದು, ಮೇಷ್ಟರು "ಮುಟ್ಟಿಲ್ಲ" ಎನ್ನುವುದು, ಎಲ್ಲರೂ ನಗುವುದು, ಕೂತು ಮಗ್ಗಿ ಹೇಳುವುದು. ಸಂಜೆ ಮನೆಗೆ ಹೋಗಿ ಅಡಿಗೆಮನೆಯಲ್ಲೇ ಉಂಡರು. ದನ ಸಾಯಲಿಲ್ಲ, ಹಾಲು ಒಡೆಯಲಿಲ್ಲ, ಮಾರಿ ಬರಲಿಲ್ಲ. ಇಡೀ ಕ್ಲಾಸಿಗೆ ಒಂದು ಗುಟ್ಟು ಸಿಕ್ಕಿತು. ಗುಟ್ಟನ್ನು ಬಚ್ಚಿಡುವ ಹುಡುಗರು ಪುಂಡಾಟ ಮಾಡುವುದಿಲ್ಲ. ಗಲಾಟೆಯಾದರೆ ದೊಡ್ಡವರು ಬರುತ್ತಾರಲ್ಲ!

ಇದನ್ನು ಶಿಸ್ತು ಎನ್ನುವುದೇ ಎಂದು ನಾನು ಮುಖಕ್ಕೇ ಕೇಳಿದೆ. ಸುಳ್ಳಿನ ಮೇಲೆ ಕಟ್ಟಿದ್ದು ಎಷ್ಟು ದಿನ ನಿಲ್ಲುತ್ತದೆ? ಮೇಷ್ಟರು ನನ್ನನ್ನೇ ಗುಮಾನಿಯಿಂದ ನೋಡಿದರು. "ಬೇರೆ ದಾರಿ ತೋರಿಸಿ, ಬರೆಯೋರು ನೀವು," ಎಂದರು.

ಮಹಾನವಮಿ ಕಳೆದು ವಿಜಯದಶಮಿಗೆ ಹೊಸ ಮಕ್ಕಳು ಸೇರಿದಾಗ ಈ ಆಟ ಸಾಲದಾಯಿತು. ನೆಲದ ಮೇಲೆ ಮರಳು ಹರಡಿ, ಮಗುವಿನ ಬೆರಳು ಹಿಡಿದು 'ಅ' ತಿದ್ದಿಸಬೇಕು. ಹಿಡಿಯದೆ ಅಕ್ಷರ ಬರುವುದಿಲ್ಲ. ಹೊಸಬರಲ್ಲಿ ಪಟೇಲರ ಕಿರಿಯ ಮಗ ನಂಜನೂ ಇದ್ದ. ಅರಳಿಕಟ್ಟೆಯಲ್ಲಿ ಮಾತಿಗೆ ಕೂತರು. ಒಬ್ಬ, ಕಡ್ಡಿಯ ಒಂದು ತುದಿ ಮೇಷ್ಟರು ಹಿಡಿಯಲಿ, ಇನ್ನೊಂದು ತುದಿ ಮಗು ಹಿಡಿಯಲಿ ಎಂದ. ಹಸಿ ಕಡ್ಡಿಯಲ್ಲಿ ಮೈಲಿಗೆ ಹರಿಯುತ್ತದೆ, ಒಣ ಕಡ್ಡಿಯಲ್ಲಿ ಹರಿಯುವುದಿಲ್ಲ ಎಂದ ಮತ್ತೊಬ್ಬ. ಕೊನೆಗೆ ದೊಡ್ಡಬೀರಯ್ಯ ಎಲೆಯಡಿಕೆ ಉಗಿದು ಬಾಯಿ ಬಿಟ್ಟ. ಕಂಬಳಿ ನೇಯುವ ಕುಲದ ಹಿರಿಯ ಅವನು. "ಕಂಬ್ಳಿಗೆ ಮೈಲ್ಗೆ ಇಲ್ಲ ಕಣ್ರಪ್ಪ. ಕಂಬ್ಳಿ ಹಾಸಿ ದೇವ್ರನ್ನೇ ಕೂರುಸ್ತೀವಿ. ಮೇಷ್ಟ್ರ ಕೈಗೆ ಒಂದು ಕಂಬ್ಳಿ ಚೀಲ ಹೊಲ್ದು ಕೊಟ್ಬುಡನ. ಅದ ಆಕ್ಕಂಡು ತಿದ್ಸ್ಲಿ."

ಎಲ್ಲರೂ ತಲೆದೂಗಿದರು. ಶಾಸ್ತ್ರವೂ ಉಳಿಯಿತು, ಅಕ್ಷರವೂ ಬಂತು! ಬೀರಯ್ಯ ಕರಿಯ ಕುರಿಯ ಉಣ್ಣೆಯ ಕಂಬಳಿಯಿಂದ ಚೀಲವೊಂದನ್ನು ಹೊಲಿದು ತಂದ. ಕರಡಿಯ ಕೈಯಂತೆ ಇತ್ತು. ಮುದ್ದಯ್ಯ ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಊರ ಮಕ್ಕಳಿಗೆ ತಿದ್ದಿಸುವಾಗ ಹಾಕುವರು, ಕೇರಿಯ ಮಕ್ಕಳಿಗೆ ತಿದ್ದಿಸುವಾಗ ತೆಗೆಯುವರು.

ಈ ಊರಿನ ಯಜಮಾನರಿಗೆ ಹೊಳೆಯದೆ ಹೋದದ್ದು ಅದೇ. ದಪ್ಪ ಕಂಬಳಿಯಲ್ಲಿ ಪುಟ್ಟ ಬೆರಳು ಹಿಡಿಯಲು ಸಿಗುವುದಿಲ್ಲ. ಉಣ್ಣೆ ಚುಚ್ಚುತ್ತದೆ, ಮಗು ಕೈ ಕೊಸರುತ್ತದೆ, 'ಅ' ಎಂಬುದು ಸೊಟ್ಟ ಕುಂಬಳಕಾಯಿಯಾಗುತ್ತದೆ. ಬರಿಗೈಯಲ್ಲಿ ಹಿಡಿಸಿಕೊಂಡ ಕೇರಿಯ ಮಕ್ಕಳ ಅಕ್ಷರ ಗುಂಡಗೆ ಬಂತು. ದೀಪಾವಳಿ ಕಳೆಯುವ ಹೊತ್ತಿಗೆ ಪಟೇಲರಿಗೆ ಸುದ್ದಿ ಮುಟ್ಟಿತು.

"ತನ್ನ ಜಾತಿ ಮಕ್ಳಿಗೆ ಒಂದು ತರ, ನಮ್ಮ ಮಕ್ಳಿಗೆ ಒಂದು ತರ ಯೇಳ್ಕೊಡೋದೋ?"

"ಪಾಠ ಒಂದೇ ಪಟೇಲ್ರೇ. ಕಂಬಳಿ ನಿಮ್ಮದು."

ಪಟೇಲರು ಹೊಸಿಲಿನಿಂದಲೇ ತಿರುಗಿ ನಡೆದರು. ಮನಸ್ಸಿನಲ್ಲಿ ಗುಮಾನಿ ಕೂತಿತು. ಊರಿಗೆಲ್ಲ ಅದೇ ಗುಮಾನಿ. ಮೇಷ್ಟರು ಮಕ್ಕಳಿಗೆ ಏನೋ ಮಾಡಿದ್ದಾರೆ, ಮಕ್ಕಳು ಏನೋ ಮುಚ್ಚಿಡುತ್ತಿದ್ದಾರೆ. ಸ್ಕೂಲು ಎಂದರೆ ಅಳುತ್ತಿದ್ದ ಹುಡುಗರು ಗಂಟೆಗೆ ಮುಂಚೆ ಓಡುವುದೇಕೆ? ಮದ್ದು ಹಾಕಿರಬಹುದು ಎಂದವರೂ ಇದ್ದರು. ಕೇರಿಯಲ್ಲೂ ನೆಮ್ಮದಿ ಇರಲಿಲ್ಲ. ಚಾಮಯ್ಯ ಒಂದು ದಿನ ಮೇಷ್ಟರನ್ನು ಹುಣಸೆಮರದ ಮರೆಗೆ ಕರೆದ.

"ಅವ್ರ ಮಕ್ಳು ನಿಮ್ಮ ಮೈಮೇಲೆ ಬಿದ್ದು ಆಡ್ತಾವೆ ಅಂತ ನನ್ನ ಮಗ್ಳು ಅಂದ್ಲು. ಬ್ಯಾಡಿ ಮೇಷ್ಟ್ರೇ. ನಾಳೆ ಗೊತ್ತಾದ್ರೆ ನೀವು ಕೋಟು ಆಕ್ಕಂಡು ಬಸ್ಸು ಅತ್ತಿ ಒಂಟೋಯ್ತೀರಿ. ಬೆಂಕಿ ಬೀಳೋದು ನಮ್ಮ ಗುಡ್ಲುಗೆ."

ಚಾಮಯ್ಯನ ಮಾತು ಸತ್ಯ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ನಂಜ ತಾನೇ ಮೇಷ್ಟರ ಕೈಯಿಂದ ಕಂಬಳಿಯನ್ನು ಎಳೆದು ಬಿಸಾಕಿದ. "ಚುಚ್ತದೆ. ಕೇರಿ ಮಕ್ಳಿಗೆ ಇಡ್ಕತೀರಲ್ಲ, ಅಂಗೆ ಇಡ್ಕಳಿ." ಮೊಳಕೈ ತಾಗಿಸಿದ್ದು ಆಟ. ಇದು ಆಟವಲ್ಲ. ಮುದ್ದಯ್ಯ ಬಾಗಿಲ ಕಡೆ ನೋಡಿದರು. ನಿಂಗರಾಜುವಿನ ಕಡೆ ನೋಡಿದರು. ಆಮೇಲೆ ಆ ಪುಟ್ಟ ಬೆರಳನ್ನು ಬರಿಗೈಯಲ್ಲಿ ಹಿಡಿದು 'ಅ' ಬರೆಸಿದರು. ಗುಂಡಗೆ ಬಂತು.

ಅವತ್ತಿನಿಂದ ಕಂಬಳಿ ಮೊಳೆಯಲ್ಲೇ ಉಳಿಯಿತು.

ಊರಿನ ಗಂಡಸರು ಗುಮಾನಿ ಪಡುತ್ತ ಕೂತರು. ಗುಟ್ಟು ಹಿಡಿದದ್ದು ಪುಟ್ಟಸಿದ್ದಮ್ಮ. ಮೊದಲೆಲ್ಲ ಮಗನ ಅಂಗೈಯ ಬೆವರಿಗೆ ಕರಿಯ ಉಣ್ಣೆಯ ಜುಂಗು, ಎಳೆಯ ಚೂರು, ಅಂಟಿಕೊಂಡು ಬರುತ್ತಿತ್ತು. ತೊಳೆದು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಈಗ ಅಂಗೈ ಬೆಳ್ಳಗಿದೆ. "ಯಾಕ್ಲಾ ಜುಂಗಿಲ್ಲ?" ಎಂದು ಕೇಳಿದಳು. ನಂಜ ಕಣ್ಣು ಕಣ್ಣು ಬಿಟ್ಟ. ಹಿಂದೆ ನಿಂತಿದ್ದ ನಿಂಗರಾಜು, "ಇವತ್ತು ಮೊದ್ಲೇ ತೊಳ್ಕಂಡ ಕಣವ್ವ," ಎಂದ. ಮರುದಿನದಿಂದ ಅಂಗೈಯಲ್ಲಿ ಮತ್ತೆ ಜುಂಗು ಬಂತು. ತಾಯಿಗೆ ಸಮಾಧಾನವಾಯಿತು.

ಸಮಾಧಾನ ಶ್ರಾವಣದ ತನಕ ನಡೆಯಿತು. ಒಂದು ಸಂಜೆ ಬಿಸಿಲಿಗೆ ಹಿಡಿದು ನೋಡಿದರೆ ಜುಂಗಿನ ಬಣ್ಣ ಬೂದು. ಮೇಷ್ಟರ ಚೀಲ ಕರಿಯದು, ಬೀರಯ್ಯ ಅದನ್ನು ತಂದಾಗ ಅವಳೇ ನೋಡಿದ್ದಳು. ಬೂದು ಕಂಬಳಿ ಇರುವುದು ತನ್ನ ಮನೆಯ ಕೊಟ್ಟಿಗೆಯಲ್ಲಿ. ಮರುದಿನ ಹುಲ್ಲಿನ ಮೆದೆಯ ಮರೆಯಲ್ಲಿ ಕಾದು ನಿಂತಳು. ಸ್ಕೂಲು ಬಿಟ್ಟು ಬಂದ ನಿಂಗರಾಜು ತಮ್ಮನನ್ನು ಮೊದಲು ಕೊಟ್ಟಿಗೆಗೆ ಎಳೆದುಕೊಂಡು ಹೋಗಿ, ಅವನ ಅಂಗೈಗೆ ಉಗುಳು ಹಚ್ಚಿ, ಕೊಟ್ಟಿಗೆಯ ಕಂಬಳಿಗೆ ಗಸಗಸ ಉಜ್ಜುತ್ತಿದ್ದ.

ಮೇಷ್ಟರ ರುಮಾಲಿಗೆ ಬಳಪ ಎಸೆದವನು ಇವನೇ. ಈ ಕತೆಯಲ್ಲಿ ಗೌರವ ಎಂಬುದನ್ನು ನಾನು ಮೊದಲ ಸಲ ಕಂಡದ್ದು ಆ ಕೊಟ್ಟಿಗೆಯಲ್ಲಿ.

ಪುಟ್ಟಸಿದ್ದಮ್ಮ ಗಂಡನಿಗೆ ಹೇಳಿದಳು, ಅರಳಿಕಟ್ಟೆಯಲ್ಲಿ ಊರೆಲ್ಲ ಸೇರಿತು. ಪಟೇಲರು ಮೇಲೆ, ಮುದ್ದಯ್ಯ ಕೆಳಗೆ, ಕೇರಿಯವರು ಇನ್ನೂ ದೂರದಲ್ಲಿ. ಸ್ಕೂಲಿನ ಮಕ್ಕಳೆಲ್ಲ ಗುಡಿಯ ಗೋಡೆಯ ಹತ್ತಿರ. ಬೀರಯ್ಯನ ಕೈಗೆ ಜುಂಗು ಕೊಟ್ಟರು.

"ಇದು ನೀನು ಹೊಲ್ದ ಚೀಲದ್ದೇನೋ?"

ಬೀರಯ್ಯ ಬೆರಳಲ್ಲಿ ಹೊಸೆದ. ಹೆಬ್ಬೆರಳಿಗೆ ಗೊತ್ತಿದ್ದದ್ದನ್ನು ಬಾಯಿ ಹೇಳಲಿಲ್ಲ. "ಕಣ್ಣು ಮಂಜು ಕಣ ಪಟೇಲ. ಉಣ್ಣೆ ಅಂದ್ರೆ ಉಣ್ಣೆ," ಎಂದ. ಅವನ ಮೊಮ್ಮಗನೂ ಅದೇ ಸ್ಕೂಲು.

ಪಟೇಲರು ಮಗನತ್ತ ತಿರುಗಿದರು. "ಯಾಕ್ಲಾ ಉಜ್ಜುತಿದ್ದೆ?"

ನಿಂಗರಾಜು ಗುಡಿಯ ಕಡೆ ಒಮ್ಮೆ ನೋಡಿದ. "ನಂಜನ ಕೈಗೆ ಸಗಣಿ ಆಗಿತ್ತು. ಒರುಸ್ದೆ."

"ಮೇಷ್ಟ್ರು ಬರಿಗೈಲಿ ಇಡ್ಕಂಡಿದ್ರಾ?"

"ಇಲ್ಲ. ದೇವ್ರಾಣೆ ಇಲ್ಲ."

ಅಲ್ಲಿಗೆ ಮುಗಿಸಬಹುದಿತ್ತು. ಮುದ್ದಯ್ಯ ಸುಮ್ಮನಿದ್ದಿದ್ದರೆ ಸೂರು ಉಳಿಯುತ್ತಿತ್ತು. ದೂರದಿಂದ ಚಾಮಯ್ಯ ಕೈ ಮುಗಿದು, ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡುತ್ತಿದ್ದ. ಆದರೆ 'ಮುಟ್ಟಿಲ್ಲ' ಎಂಬ ಮಾತನ್ನು ಆ ಹುಡುಗನಿಗೆ ಕಲಿಸಿದ್ದು ಯಾರು? ಕ್ಲಾಸಿನಲ್ಲಿ ನಗುತ್ತ ಹೇಳಿದ ಸುಳ್ಳು ಈಗ ಒಂದು ಮಗುವಿನ ಬಾಯಲ್ಲಿ ದೇವರಾಣೆಯಾಗಿ ಬಂದಿತ್ತು. ಮೇಷ್ಟರು ರುಮಾಲು ಸರಿಮಾಡಿಕೊಂಡು ನಿಂತರು.

"ಹುಡುಗನ್ನ ಕೇಳಬೇಡಿ. ನನಗೋಸ್ಕರ ಸುಳ್ಳು ಹೇಳ್ತಾ ಇದಾನೆ. ಬರಿಗೈಯಲ್ಲೇ ಹಿಡಿದೆ. ಯುಗಾದಿಯಿಂದ ಹಿಡೀತಾ ಇದೀನಿ. ನಂಜನ್ನ ಮಾತ್ರ ಅಲ್ಲ, ಎಲ್ಲರನ್ನೂ."

ಬೆಂಕಿ ಬೀಳುತ್ತದೆ ಎಂದುಕೊಂಡ ಕೇರಿಯವರು ಹಿಂದೆ ಸರಿದರು.

ಬೆಂಕಿ ಬೀಳಲಿಲ್ಲ. ಊರು ಲೆಕ್ಕ ಹಾಕುತ್ತಿತ್ತು. ಯುಗಾದಿಯಿಂದ ಶ್ರಾವಣ. ನಡುವೆ ವೈಶಾಖದಲ್ಲಿ ಪಟೇಲರ ಮಗಳ ಮದುವೆಯಾಗಿದೆ. ಕೆ.ಆರ್. ನಗರದ ಕಡೆಯ ದೊಡ್ಡ ಬೀಗರು ಇವರ ಚಪ್ಪರದಲ್ಲಿ ಉಂಡು ಹೋಗಿದ್ದಾರೆ. ಪಂಕ್ತಿಗೆ ನೀರು ಬಡಿಸಿದ್ದು ಇದೇ ಹುಡುಗರು. ಮೇಷ್ಟರ ಮಾತು ನಿಜವಾದರೆ ಊರಿನ ಪ್ರತಿ ಒಲೆಯೂ ಮೈಲಿಗೆ, ಬೀಗರ ಒಲೆಯೂ ಮೈಲಿಗೆ. ಹೆಣ್ಣು ತೌರಿಗೆ ಬಂದು ಕೂರುತ್ತಾಳೆ. ಪಟೇಲರ ಮುಖದಲ್ಲಿ ಸಿಟ್ಟು ಇಳಿದು ಹೆದರಿಕೆ ಏರಿದ್ದನ್ನು ಪುಟ್ಟಸಿದ್ದಮ್ಮ ನನಗೆ ಹಿತ್ತಿಲಲ್ಲಿ ನಗುತ್ತಲೇ ಹೇಳಿದಳು. "ನಮ್ಮೆಜಮಾನ್ರ ಮೊಕ ಬೆಲ್ಲ ಕದ್ದ ಉಡ್ಗನ ತರ ಆಗೋಗಿತ್ತು ಕಣಪ್ಪ."

"ಇಲ್ಲ," ಎಂದರು ಪಟೇಲರು. "ಮುಟ್ಟಿಲ್ಲ."

"ಮುಟ್ಟಿದೀನಿ ಪಟೇಲ್ರೇ."

"ಮುಟ್ಟಿಲ್ಲ ಅಂದ್ನಲ್ಲ! ಮೈ ಉಸಾರಿಲ್ಲ ನಿಮ್ಗೆ. ಏನೇನೋ ಅಂತಾ ಇದ್ದೀರಿ. ಕೂತ್ಕಳಿ ನೀವು."

ನಿಮ್ಗೆ. ನೀವು. ಅಷ್ಟು ದಿನ ಪಟೇಲರ ಬಾಯಿಂದ ಬಾರದ ಮರ್ಯಾದೆ ಬಂದದ್ದು ಹೀಗೆ, ಸುಳ್ಳಿನ ಹೆಗಲ ಮೇಲೆ ಕೂತು. ಗುಡಿಯ ಗೋಡೆಯ ಬಳಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟರ ಆಟವನ್ನು ಊರೇ ಕಲಿತುಬಿಟ್ಟಿತ್ತು.

ಪಂಚಾಯ್ತಿ ಎದ್ದಿತು. ಸ್ಕೂಲು ಉಳಿಯಿತು. ಕಂಬಳಿ ಮೊಳೆಯಲ್ಲೇ ಉಳಿಯಿತು, ಯಾರಾದರೂ ಹಿರಿಯರು ಬಂದರೆ ಹಾಕಿಕೊಂಡು ತೋರಿಸಲು. ಮಕ್ಕಳ ಬೆರಳು ಬರಿಗೈಯಲ್ಲಿ ಉಳಿಯಿತು. ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ.

ಆ ಸ್ಕೂಲಿನಲ್ಲಿ ನಿಜವಾಗಿ ಬದಲಾದದ್ದು ಒಂದೇ. ಅದನ್ನು ಹೇಳಿದವಳು ಸಣ್ಣತಾಯಿ. ಈಗ ಅವಳೇ ಎರಡು ಮಕ್ಕಳ ತಾಯಿ. "ಪಟೇಲ್ರ ಮೊಕ ನೋಡ್ಕಂಡು 'ಮುಟ್ಟಿದೀನಿ' ಅಂದ್ರಲ್ಲ ನಮ್ಮ ಮೇಷ್ಟ್ರು, ಅದ ನಾವೆಲ್ಲ ನೋಡುದ್ವಿ. ಮಾರ್ನೆ ದಿನ ಗ್ವಾಡೆ ಕಡೆ ತಿರುಗ್ಕಂಡು ಪ್ರಶ್ನೆ ಕೇಳಕ್ಕೋದ್ರು. ನಾನು, 'ತಿರುಗ್ಬ್ಯಾಡಿ ಮೇಷ್ಟ್ರೇ, ಇಂಗೇ ಯೇಳ್ತೀನಿ' ಅಂದೆ." ಕಿಟಕಿಯ ಕಡೆಯಿಂದ ಯಾರೂ ಬಳಪ ಎಸೆಯಲಿಲ್ಲವಂತೆ. ಈ ಒಂದು ಮಾತನ್ನು ನಾನು ಯಾವ ಗುಮಾನಿಯೂ ಇಲ್ಲದೆ ನಂಬುತ್ತೇನೆ.

ಇನ್ನು ಕಳೆದ ತಿಂಗಳ ಸನ್ಮಾನ. ಚಲುವಯ್ಯನವರು ಕಾಲವಾಗಿ ಈಗ ಪಟೇಲಿಕೆ ನಿಂಗರಾಜುವಿನದು. ದಪ್ಪ ಮೀಸೆ, ಜರಿಯಂಚಿನ ಪಂಚೆ. ಅವನೇ ಭಾಷಣ ಮಾಡಿದ. ಮಕ್ಕಳಿಗೆ ಅಷ್ಟು ಗೌರವ ಎಂದವನೂ ಅವನೇ. ಆಮೇಲೆ ಹಾರ ಹಾಕಬೇಕಾಯಿತು. ಹಾರವನ್ನು ಒಂದು ಹಿತ್ತಾಳೆ ತಟ್ಟೆಯಲ್ಲಿಟ್ಟು ಮೇಷ್ಟರ ಮುಂದೆ ಮೇಜಿನ ಮೇಲೆ ಇಟ್ಟ. ಇಟ್ಟು ಮಾರು ದೂರ ಹಿಂದಕ್ಕೆ ಸರಿದು ಕೈ ಮುಗಿದ. ಬೀಗರ ಊರಿನವರು ಮುಂದಿನ ಸಾಲಿನಲ್ಲಿ ಕೂತಿದ್ದರು.

ತಮ್ಮನ ಅಂಗೈಗೆ ಉಗುಳು ಹಚ್ಚಿ ಉಜ್ಜಿದ ಕೈಗಳು ಅವು. ಮರೆಯಲ್ಲಿ ಕೊಟ್ಟ ಗೌರವ ಕದ್ದ ಮಾಲಿನಂತೆ. ಬೆಳಕಿನಲ್ಲಿ ತಮ್ಮದೆಂದು ಹೇಳಿಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ.

ಮುದ್ದಯ್ಯ ಮೇಷ್ಟರು ತಟ್ಟೆಯನ್ನು ನೋಡಿದರು. ಹಾರ ಮುಟ್ಟಲಿಲ್ಲ. ತಲೆ ಎತ್ತಿ, ಕ್ಲಾಸಿನ ದನಿಯಲ್ಲಿ ಕರೆದರು.

"ನಿಂಗರಾಜು. ಕೈ ತೋರ್ಸು."

ಪಟೇಲ, ಮೀಸೆ, ಜರಿಪಂಚೆ ಎಲ್ಲವೂ ಒಂದು ಗಳಿಗೆ ಮಾಯವಾಯಿತು. ಆ ಗಂಡಸು ಯೋಚನೆಯೇ ಇಲ್ಲದೆ ಎರಡೂ ಕೈ ಚಾಚಿ ನಿಂತ. ಮೇಷ್ಟರು ಬಗ್ಗಿ ಉಗುರು ನೋಡಿದರು, ಅಂಗೈ ತಿರುಗಿಸಲು ಹೇಳಿ ಅಂಗೈ ನೋಡಿದರು. ಮುಟ್ಟಲಿಲ್ಲ.

"ಶುಚಿಯಾಗದೆ. ಕೂತ್ಕೊ."

ಕೊಡೆ ತೆಗೆದುಕೊಂಡು ಗಾಡಿ ಹತ್ತಿದರು. ಹಾರ ತಟ್ಟೆಯಲ್ಲೇ ಬಾಡಿತು. ಚಾಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂಗರಾಜು ಗಾಡಿ ಮರೆಯಾಗುವ ತನಕ ಹಾಗೆಯೇ ನಿಂತಿದ್ದ.

ಓದುತ್ತಿರುವ ನಿಮ್ಮನ್ನೇ ಕೇಳುತ್ತಿದ್ದೇನೆ, ಪಕ್ಕದ ಮನೆಯವರನ್ನಲ್ಲ. ನಿಮ್ಮೂರಿನ ಸ್ಕೂಲಿನ ಬಾಗಿಲ ಪಕ್ಕದ ಮೊಳೆಗೆ ಏನು ನೇತುಬಿದ್ದಿದೆ, ಹೋಗಿ ನೋಡಿ. ವಿಜಯದಶಮಿ ಹತ್ತಿರ ಬರುತ್ತಿದೆ. ಅವತ್ತು ನಿಮ್ಮ ಮಗುವನ್ನು ಕರೆದುಕೊಂಡು ನಡುಹಗಲಲ್ಲಿ, ಊರ ನಡುಬೀದಿಯಲ್ಲಿ, ನಿಮ್ಮ ಬೀಗರು ನೋಡುವಂತೆ ಹೋಗಿ. ಮೇಷ್ಟರು ಯಾವ ಕೇರಿಯವರೇ ಆಗಿರಲಿ, ಮಗುವಿನ ಬರಿಗೈಯನ್ನು ಅವರ ಬರಿಗೈಗೆ ನೀವೇ ಕೊಡಿ.